ಹದಿನಾರು ನಾಲ್ಕಾದ ಬಗೆ

ಕಂಪ್ಯೂಟರಿನ ಪಕ್ಕದ ತಗಡು ಕಳಚಿದಾಗ ಒಳಗೆ ಕೂತಿದ್ದದ್ದು ಹಳೆಯ ಮೆಮೊರಿ. ಹೊಸದು ಮಾಯವಾಗಿತ್ತು.

ಮಂಗಳವಾರ, ಬೆಳಗಿನ ಹತ್ತು ಗಂಟೆ. ತ್ರಾಂಗ್ ಪೇಟೆಯ ಹಳೇ ಮಾರುಕಟ್ಟೆ ಓಣಿಯಲ್ಲಿ ವಾನ್‌ಪೆನ್ ಅಕ್ಕನ ಫೋಟೋ ಸ್ಟುಡಿಯೋ. ಅದರ ಎದುರಿಗೇ ನನ್ನ ಕಾಫಿ ಅಂಗಡಿ. ನಸುಕಿಗೆ ಎದ್ದು ನಿಂತ ಕಾಲು ನನ್ನದು. ಆ ಹೊತ್ತಿನಲ್ಲಿ ಯಾರ ಜಗಳವೂ ನನಗೆ ಬೇಕಿರಲಿಲ್ಲ. ಏನು ಮಾಡುವುದು, ಜಗಳ ನಮ್ಮ ಮನೆಯದೇ ಆಗಿತ್ತು.

ವಾನ್‌ಪೆನ್ ಅಕ್ಕ ಸ್ಟುಡಿಯೋದಿಂದ ಹೊರಬಿದ್ದವಳು ನೇರವಾಗಿ ಓಣಿ ದಾಟಿದಳು. ನನ್ನ ಅಂಗಡಿಯ ಮಗ್ಗುಲಲ್ಲಿ ಒಂದು ಮೇಜು ಹಾಕಿಕೊಂಡು ನನ್ನ ತಮ್ಮ ದಾಮ್ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನೆದುರು ನಿಂತಳು. ಅಂಗಡಿಯ ತುಂಬ ಗಿರಾಕಿಗಳಿದ್ದರು.

“ಹೊಸಾ ಮೆಮೊರಿ ಎಲ್ಲಿ ದಾಮ್?”

“ನಿಮ್ಮ ಕಂಪ್ಯೂಟರ್ ಒಳಗೇ ಇದೆಯಲ್ಲ ಅಕ್ಕ.”

“ಇಲ್ಲ. ಈಗ್ತಾನೇ ಬೇರೆಯವನನ್ನ ಕರೆಸಿ ಬಿಚ್ಚಿಸಿ ನೋಡ್ದೆ. ಹಳೇದೇ ಕೂತಿದೆ. ಹದಿನಾರು ಅಂತ ತೋರಿಸಿ ನಾಲ್ಕು ಮಾಡಿಟ್ಟಿದೀಯ.”

ದಾಮ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳು ಬಿಡಲಿಲ್ಲ.

“ಒಂದ್ಸಲ ಕದ್ದು ಒಳಗೆ ಹೋಗಿ ಬಂದೋನು ನೀನು. ಗೊತ್ತಿದ್ದೂ ಕೆಲಸ ಕೊಟ್ಟೆ ನೋಡು, ನನ್ನ ಬುದ್ಧಿಗಿಷ್ಟು. ಶುಕ್ರವಾರ ಹುಣ್ಣಿಮೆ. ಅಷ್ಟರೊಳಗೆ ತಂದಿಡು. ಇಲ್ದಿದ್ರೆ ಠಾಣೆಗೆ ಬರ್ದುಕೊಡ್ತೀನಿ.”

ಅಷ್ಟು ಹೇಳಿ ಹೋದಳು. ಗಿರಾಕಿಗಳು ತಮ್ಮ ತಮ್ಮ ಕಪ್ಪಿನೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು. ನನಗೆ ಅವಳ ಜುಟ್ಟು ಹಿಡಿದು ಎಳೆಯಬೇಕೆನಿಸಿತು. ಆದರೆ ಅವಳು ಹೇಳಿದ ಹಳೆಯ ಮಾತು ಸುಳ್ಳಲ್ಲವಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಕೆಟ್ಟ ಸಹವಾಸಕ್ಕೆ ಬಿದ್ದು ಎರಡು ಫೋನು ಕದ್ದ. ಒಂದೂವರೆ ವರ್ಷ ಜೈಲು. ಈ ರಿಪೇರಿ ವಿದ್ಯೆ ಕಲಿತದ್ದೇ ಅಲ್ಲಿ. ಹೊರಗೆ ಬಂದ ಮೇಲೆ ಐದು ವರ್ಷ ತಲೆಯೆತ್ತದೆ ದುಡಿದು, ಈಗೀಗ ಜನ ಅವನನ್ನು ಕೆಲಸದ ಹೆಸರಿನಿಂದ ಕರೆಯಲು ಶುರುಮಾಡಿದ್ದರು. ಇನ್ನೊಂದು ದೂರು ದಾಖಲಾದರೆ? ಎರಡನೇ ಸಲ ಸಿಕ್ಕಿಬಿದ್ದವನ ಮಾತನ್ನು ಯಾವ ಠಾಣೆ ಕೇಳುತ್ತದೆ?

ಸಂಜೆಯೊಳಗೆ ನಾಲ್ಕು ಮಂದಿ ಬಂದು, ಅರ್ಧ ಬಿಚ್ಚಿದ್ದ ತಮ್ಮ ಕಂಪ್ಯೂಟರುಗಳನ್ನು ವಾಪಸು ತೆಗೆದುಕೊಂಡು ಹೋದರು. ತುರ್ತಿದೆ ಎಂದನೊಬ್ಬ. ಅಳಿಯ ಮಾಡಿಕೊಡುತ್ತಾನೆ ಎಂದನೊಬ್ಬ. ಕಬ್ಬಿಣದ ಅಂಗಡಿಯವನು ಅದನ್ನೂ ಹೇಳಲಿಲ್ಲ, ಸುಮ್ಮನೆ ಹೊತ್ತುಕೊಂಡು ನಡೆದ. ದಾಮ್ ಯಾರನ್ನೂ ತಡೆಯಲಿಲ್ಲ. ಸ್ಕ್ರೂಗಳನ್ನು ಎಣಿಸಿ ಅವರವರ ಕೈಗೆ ಕೊಟ್ಟ.

“ನಾನು ಮುಟ್ಟಿಲ್ಲ ಅಕ್ಕ,” ಎಂದ ನನಗೆ. ಒಂದೇ ಸಲ. ಮತ್ತೆ ಹೇಳಲಿಲ್ಲ.

ನಾನು ನಂಬಿದೆ. ಒಡಹುಟ್ಟಿದವಳ ನಂಬಿಕೆ ಯಾವ ಲೆಕ್ಕಕ್ಕೆ? ಅದಕ್ಕೇ ಮರುದಿನ ಬೆಳಗ್ಗೆ ದಫೇದಾರ್ ಚರೂನ್ ಮಾಮನನ್ನು ಹಿಡಿದುಕೊಂಡೆ.

ಚರೂನ್ ಮಾಮ ಪೊಲೀಸ್ ಕೆಲಸದಿಂದ ನಿವೃತ್ತನಾಗಿ ನಾಲ್ಕು ವರ್ಷ. ದಿನಾ ಏಳಕ್ಕೆ ಬಂದು ಒಂದು ಕಪ್ಪು ಕಾಫಿ, ಒಂದು ತಟ್ಟೆ ಸುಟ್ಟ ಹಂದಿಮಾಂಸ, ಆಮೇಲೆ ಮೊಣಕಾಲು ಉಜ್ಜಿಕೊಳ್ಳುತ್ತಾ ಒಂದು ಗಂಟೆ ಕೂರುವುದು, ಇದು ಅವನ ದಿನಚರಿ. ನಾನು ಎಲ್ಲ ಹೇಳಿ ಮುಗಿಸಿದಾಗ ಅವನು ಉಸ್ಸೆಂದ. ಮೂವತ್ತೆಂಟು ವರ್ಷ ಬೇರೆಯವರ ಸಾಮಾನು ಹುಡುಕಿದ್ದಾಯಿತು, ಈಗ ತನ್ನ ಕನ್ನಡಕವೇ ತನಗೆ ಸಿಗುವುದಿಲ್ಲ ಎಂದ. ಬೇರೆ ಯಾರನ್ನಾದರೂ ನೋಡಿಕೋ ಎಂದ. ಬೇರೆ ಯಾರಿದ್ದಾರೆ ಹೇಳು ಎಂದು ನಾನು ಕೇಳಿದೆ.

“ನಿನ್ನ ತಮ್ಮನೇ ಮಾಡಿದ್ರೆ?”

“ಮಾಡಿದ್ರೆ ನೀನೇ ಕರ್ಕೊಂಡು ಹೋಗು ಮಾಮ. ನಾನು ಅಡ್ಡ ಬರಲ್ಲ.”

ಅವನು ನನ್ನ ಮುಖ ನೋಡಿದ. ಆಮೇಲೆ ದಾಮ್‌ನನ್ನು ಕರೆದು ಎದುರಿಗೆ ಕೂರಿಸಿಕೊಂಡ.

ದಾಮ್ ಹೇಳಿದ್ದು ಇಷ್ಟು. ಸ್ಟುಡಿಯೋದ ಕಂಪ್ಯೂಟರ್ ಹತ್ತು ವರ್ಷ ಹಳೆಯದು, ಆದರೆ ಎಲುಬು ಗಟ್ಟಿ. ಈಗಿನ ಕ್ಯಾಮೆರಾದ ಫೋಟೋಗಳು ಭಾರ. ಶಾಲೆಯ ಗುಂಪು ಫೋಟೋ ಒಂದನ್ನು ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದಿತ್ತು. ಹೊಸ ಕಂಪ್ಯೂಟರ್ ಬೇಡ, ಮೆಮೊರಿ ಹೆಚ್ಚಿಸಿದರೆ ಸಾಕು ಎಂದು ಅವನೇ ಸಲಹೆ ಕೊಟ್ಟಿದ್ದ. ಕಳೆದ ತಿಂಗಳ ಕೊನೆಯ ಸೋಮವಾರ ಎರಡೆರಡು ಜಿಬಿಯ ಎರಡು ಹಳೆಯ ಪಟ್ಟಿ ತೆಗೆದು, ಎಂಟೆಂಟು ಜಿಬಿಯ ಎರಡು ಹೊಸ ಪಟ್ಟಿ ಕೂರಿಸಿದ. ಪರದೆಯ ಮೇಲೆ ಹದಿನಾರು ಎಂದು ಬಂದದ್ದನ್ನು ಎಲ್ಲರೂ ನೋಡಿದರು. ತೆಗೆದ ಹಳೆಯ ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವಾನ್‌ಪೆನ್ ಅಕ್ಕನ ಕೈಗೇ ಕೊಟ್ಟ. ತೆಗೆದ ಭಾಗವನ್ನು ಮಾಲೀಕರ ಕೈಗೇ ಒಪ್ಪಿಸುವುದು ಅವನ ನಿಯಮ. ಜೈಲು ಕಂಡವನಿಗೆ ಅಂಥ ನಿಯಮಗಳು ಬೇಕಾಗುತ್ತವೆ. ಅವಳು ಚೀಲವನ್ನು ಕಂಪ್ಯೂಟರ್ ಮೇಜಿನ ಡ್ರಾಯರಿಗೆ ಎಸೆದಳು.

“ಆಮೇಲೆ ಆ ಕಡೆ ಹೋಗಿದ್ಯಾ?” ಮಾಮ ಕೇಳಿದ.

“ಹೋದ ಶುಕ್ರವಾರ. ಪ್ರಿಂಟರ್ ತಂತಿ ಸಡಿಲ ಆಗಿತ್ತು. ಹತ್ತು ನಿಮಿಷ.”

“ಒಬ್ನೇ ಇದ್ಯಾ?”

“ಇದ್ದೆ ಮಾಮ. ಊಟದ ಹೊತ್ತು. ಅಕ್ಕ ಮಹಡಿ ಮೇಲಿದ್ರು.”

ಮಾಮ ಮೊಣಕಾಲು ಉಜ್ಜಿಕೊಂಡ. ಹತ್ತು ನಿಮಿಷ ಸಾಕಾಗುತ್ತದೆಯೇ ಎಂದು ಕೇಳಿದ. ದಾಮ್ ತಲೆ ತಗ್ಗಿಸಿ, ಮೂರು ನಿಮಿಷ ಸಾಕು ಎಂದ. ಈ ಹುಡುಗನಿಗೆ ತನ್ನ ಪರವಾಗಿ ಒಂದು ಸುಳ್ಳು ಹೇಳಿಕೊಳ್ಳಲೂ ಬರುವುದಿಲ್ಲವಲ್ಲ ಎಂದುಕೊಂಡೆ.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ನಾನೂ ಮಾಮನ ಜೊತೆ ಸ್ಟುಡಿಯೋಗೆ ಹೋದೆ. ವಾನ್‌ಪೆನ್ ಅಕ್ಕ ನನ್ನನ್ನು ನೋಡಿ ಮುಖ ತಿರುಗಿಸಿದಳು. ಆದರೆ ಮಾಮನ ಮಾತಿಗೆ ನಮ್ಮ ಓಣಿಯಲ್ಲಿ ಎದುರಾಡುವವರಿಲ್ಲ. ನೀರು ಕೊಟ್ಟು ಕುರ್ಚಿ ಹಾಕಿದಳು.

ಅಲ್ಲಿ ಕೆಲಸ ಮಾಡುವವರು ಇಬ್ಬರೇ. ಒಬ್ಬ ಕ್ರಿತ್, ವಾನ್‌ಪೆನ್ ಅಕ್ಕನ ತಂಗಿಯ ಮಗ, ಇಪ್ಪತ್ತೇಳರ ಕ್ಯಾಮೆರಾಮನ್. ಇನ್ನೊಬ್ಬರು ಸಂಗ್ವಾನ್ ದೊಡ್ಡಪ್ಪ. ಅರವತ್ತಾರು ವಯಸ್ಸು, ಅದರಲ್ಲಿ ಮೂವತ್ತನಾಲ್ಕು ಈ ಸ್ಟುಡಿಯೋದಲ್ಲೇ ಕಳೆದದ್ದು. ವಾನ್‌ಪೆನ್ ಅಕ್ಕನ ಮಾವನ ಕಾಲದಲ್ಲಿ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದವರು, ನೆಗೆಟಿವ್ ಮೇಲೆ ಪೆನ್ಸಿಲ್ಲಿನಲ್ಲಿ ಮುಖ ತಿದ್ದುತ್ತಿದ್ದವರು, ಐವತ್ತು ದಾಟಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತವರು. ಊರಿನ ಅರ್ಧ ಜನರ ಮದುವೆಯ ಮುಖವನ್ನು ಚಂದ ಮಾಡಿದ್ದು ಅವರೇ. ನನ್ನದನ್ನೂ ಸಹ.

ಮಾಮ ಮೊದಲು ಕ್ರಿತ್‌ನನ್ನು ಹಿಡಿದ.

“ನೀನು ಕಂಪ್ಯೂಟರ್ ಗೇಮ್ ಆಡ್ತೀಯಂತೆ. ಮೆಮೊರಿ ನಿನಗೂ ಬೇಕಾಗಿತ್ತಾ?”

ಕ್ರಿತ್ ನಕ್ಕ. ತನ್ನದು ಮಡಿಚುವ ಲ್ಯಾಪ್‌ಟಾಪ್, ಅದಕ್ಕೆ ಬೇಕಾದದ್ದು ಅರ್ಧ ಉದ್ದದ ಪಟ್ಟಿ, ಇದನ್ನು ತಂದು ತುರುಕಿದರೂ ಕೂರುವುದಿಲ್ಲ ಎಂದ.

“ಮಾರಬಹುದಲ್ಲ?”

“ಮಾರಬಹುದು ಮಾಮ. ಆದ್ರೆ ದೊಡ್ಡಮ್ಮಂದು ಕದ್ದು ಮಾರೋದಾದ್ರೆ ಕ್ಯಾಮೆರಾ ಲೆನ್ಸ್ ಮಾರ್ತೀನಿ. ಇಪ್ಪತ್ತು ಪಟ್ಟು ಸಿಗತ್ತೆ.”

ಉತ್ತರ ಉಡಾಫೆಯದ್ದೇ ಆದರೂ ತೂಕವಿತ್ತು. ಮಾಮ ಸಂಗ್ವಾನ್ ದೊಡ್ಡಪ್ಪನ ಕಡೆ ತಿರುಗಿದ. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಯಾವುದೋ ಪಾಸ್‌ಪೋರ್ಟ್ ಫೋಟೋದ ಹಿನ್ನೆಲೆ ಬದಲಿಸುತ್ತಿದ್ದರು. ಮುಂದಿನ ಫೋಟೋ ತೆರೆದುಕೊಳ್ಳುವುದಕ್ಕೆ ಕಾಯುತ್ತಾ ಕಣ್ಣು ಮುಚ್ಚಿಕೊಂಡರು. ಪಾಪ, ಸುಸ್ತಾಗಿದೆ ಎಂದುಕೊಂಡೆ. ನನಗೂ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಬೇಕೆನಿಸಿತು.

“ಕಂಪ್ಯೂಟರ್ ಯಾವತ್ತಿಂದ ನಿಧಾನ ಆಯ್ತು ಅಣ್ಣ?”

“ಹೇಗೆ ಹೇಳೋದು ದಫೇದಾರ್ರೇ. ಸ್ವಸ್ವಲ್ಪಾನೇ. ಇವತ್ತಿಗಿಂತ ನಾಳೆ, ನಾಳೆಗಿಂತ ನಾಡಿದ್ದು.”

“ಒಂದೇ ದಿನ ಅಂತಲ್ಲ?”

“ಅಲ್ಲ.”

“ಇದನ್ನ ಬಿಚ್ಚೋಕೆ ನಿಮಗೆ ಗೊತ್ತಾ?”

“ನನಗಾ? ಒತ್ತಿದ್ರೆ ಹತ್ಕೊಳತ್ತೆ, ಒತ್ತಿದ್ರೆ ಆರತ್ತೆ. ಅಷ್ಟು ಗೊತ್ತು.”

ಮಾಮ ಮುಂದೆ ಕೇಳಲಿಲ್ಲ. ನಿಟ್ಟುಸಿರು ಬಿಡುತ್ತಾ ನೆಲದ ಮೇಲೆ ಕೂತು ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯನ್ನು ನೋಡತೊಡಗಿದ. ಪಕ್ಕದ ತಗಡು ಮತ್ತು ಚೌಕಟ್ಟು ಕೂಡುವ ಗೆರೆಯ ಮೇಲೆ ಬಿಳಿ ಬೊಟ್ಟುಗಳಿದ್ದವು. ಮಂಗಳವಾರ ಬಿಚ್ಚಿದವನು ಅವು ಉದುರದಂತೆ ಗೆರೆಗುಂಟ ಬ್ಲೇಡು ಎಳೆದು ತಗಡು ತೆಗೆದಿದ್ದ. ಮೆಮೊರಿ ಹಾಕಿದ ಎರಡು ದಿನಕ್ಕೆ ಸ್ಟುಡಿಯೋದಲ್ಲಿ ವರ್ಷದ ಪೂಜೆಯಾಗಿತ್ತು. ವಿಹಾರದಿಂದ ಬಂದ ಭಿಕ್ಷುಗಳು ಊಟ ಸ್ವೀಕರಿಸಿ, ಬಾಗಿಲಿಗೆ, ಕ್ಯಾಮೆರಾಗೆ, ಗಲ್ಲಾಪೆಟ್ಟಿಗೆಗೆ ಮಂತ್ರಿಸಿದ ಬಿಳಿ ಸುಣ್ಣಮಣ್ಣಿನ ಬೊಟ್ಟಿಟ್ಟರು. ಕಂಪ್ಯೂಟರಿಗೂ ಇಡಿ, ಹೊಸ ಜೀವ ಬಂದಿದೆ ಎಂದು ವಾನ್‌ಪೆನ್ ಅಕ್ಕ ಬೇಡಿಕೊಂಡಿದ್ದಳು. ಹೊಸ ಗಾಡಿಗೆ ಇಟ್ಟ ಹಾಗೆ ಮೂರು ಬೊಟ್ಟು. ಅದನ್ನು ಯಾರೂ ಒರೆಸುವುದಿಲ್ಲ, ಉಗುರು ತಾಗಿಸುವುದಿಲ್ಲ. ತಾನಾಗಿ ಮಾಸಬೇಕು.

ಮಾಮ ತಲೆಯ ಮೇಲೆ ಕೈ ಜೋಡಿಸಿ ಕ್ಷಮೆ ಕೇಳಿಕೊಂಡು, ಬೆರಳ ತುದಿಯಿಂದ ಒಂದು ಬೊಟ್ಟನ್ನು ಮೆಲ್ಲಗೆ ಮುಟ್ಟಿ ಮೂಸಿದ. ಮುಖ ಸ್ವಲ್ಪ ಬದಲಾಯಿತು. ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದ. ನನಗೆ ಮೈಯೆಲ್ಲ ಕಿವಿಯಾಯಿತು. ಅವನು ಹೇಳಿದ್ದು ಮಾತ್ರ, ತನ್ನನ್ನು ಎತ್ತಿ ನಿಲ್ಲಿಸಿ ಎಂದು.

ಹೊರಡುವ ಮುನ್ನ ವಾನ್‌ಪೆನ್ ಅಕ್ಕನಿಗೆ ಒಂದೇ ಪ್ರಶ್ನೆ ಹಾಕಿದ. ಮೆಮೊರಿ ಚುರುಕಾಗಿದ್ದ ದಿನಗಳಲ್ಲಿ ಕೆಲಸ ಹೇಗೆ ನಡೆಯಿತು?

ಅವಳು ಗೊಣಗಿದಳು. ಶಾಲೆಗಳ ಕೊನೆಯ ತಿಂಗಳು, ದಿನಕ್ಕೆ ಹತ್ತು ಆಗುತ್ತಿದ್ದ ಕಡೆ ಮೂವತ್ತು ಫೋಟೋ ಒಪ್ಪಿಕೊಂಡಿದ್ದಳು. ಕೆಲಸ ಓಡಿತು, ಆದರೆ ಗಿರಾಕಿಗಳು ವಾಪಸು ತಂದರು. ಒಬ್ಬ ಮದುಮಗಳ ಒಂದು ಕಿವಿಯೋಲೆಯೇ ಅಳಿಸಿಹೋಗಿತ್ತು. ಇನ್ನೊಬ್ಬ ಹುಡುಗನ ಗಲ್ಲದ ಮೇಲೆ ಧೂಳಿನ ಕಲೆ ಹಾಗೇ ಉಳಿದಿತ್ತು. ಹೊಸ ಮೆಮೊರಿ ಬಣ್ಣ ಕೆಡಿಸುತ್ತಿದೆ ಎಂದು ಸಂಗ್ವಾನ್ ದೊಡ್ಡಪ್ಪ ಹೇಳಿದರಂತೆ. ಅದೂ ದಾಮ್ ತಂದ ಕಳಪೆ ಮಾಲಿನ ಗುಣವೇ ಇರಬೇಕು ಎಂದು ಒಂದು ಕುಟುಕನ್ನೂ ಸೇರಿಸಿದಳು.

ಅಂಗಡಿಗೆ ಮರಳಿದ ಮೇಲೆ ಮಾಮ ದಾಮ್‌ಗೆ ಎರಡು ಪ್ರಶ್ನೆ ಕೇಳಿದ. ಮೆಮೊರಿ ಬಣ್ಣ ಕೆಡಿಸುತ್ತದೆಯೇ? ಇಲ್ಲ, ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ ಎಂದ ದಾಮ್. ಹದಿನಾರರಿಂದ ನಾಲ್ಕಕ್ಕೆ ಇಳಿದರೆ ನಿಧಾನವಾಗುವುದು ದಿನದಿನಕ್ಕೋ, ಒಮ್ಮೆಲೇಯೋ?

“ಒಮ್ಮೆಲೇ. ಮೆಟ್ಲು ತಪ್ಪಿದ ಹಾಗೆ. ಕೂತು ಕೆಲಸ ಮಾಡೋರಿಗೆ ಮೊದಲ್ನೇ ಫೋಟೋಲೇ ಗೊತ್ತಾಗತ್ತೆ.”

“ಹಾಗಾದ್ರೆ ಅದು ನನ್ನ ಮೊಣಕಾಲಿನ ಹಾಗಲ್ಲ,” ಎಂದ ಮಾಮ. “ಇದು ಮಾತ್ರ ದಿನಾ ಸ್ವಸ್ವಲ್ಪಾನೇ ಸೊರಗತ್ತೆ.”

ನನಗೆ ಆಗಲೂ ಹೊಳೆಯಲಿಲ್ಲ. ಹೊಳೆಯಿತೋ, ಒಪ್ಪಲು ಮನಸ್ಸಾಗಲಿಲ್ಲವೋ. ನಾನು ಕೇಳಿದ್ದಕ್ಕೆ ಮಾಮ ಶುಕ್ರವಾರದವರೆಗೆ ತಡಿ ಎಂದ. ಅವರು ತಾವಾಗಿ ಬಾಯಿಬಿಡಲು ಇನ್ನೊಂದು ದಿನ ಕೊಡೋಣ ಎಂದ. ಯಾರವರು ಎಂದದ್ದಕ್ಕೆ ಮೊಣಕಾಲು ಉಜ್ಜಿಕೊಳ್ಳುತ್ತಾ ಎದ್ದು ಹೋದ. ಗುರುವಾರವಿಡೀ ದಾಮ್ ಖಾಲಿ ಮೇಜಿನ ಮುಂದೆ ಕೂತಿದ್ದ. ಸಂಗ್ವಾನ್ ದೊಡ್ಡಪ್ಪ ಎಂದಿನಂತೆ ಬಂದು, ಅವನಿಂದ ಎರಡು ಮಾರು ದೂರ ಕೂತು, ಗಂಜಿ ಕುಡಿದು ಹೋದರು.

ಶುಕ್ರವಾರ ಹನ್ನೊಂದಕ್ಕೆ ಮಾಮ ಎಲ್ಲರನ್ನೂ ಸ್ಟುಡಿಯೋದಲ್ಲಿ ಸೇರಿಸಿದ. ವಾನ್‌ಪೆನ್ ಅಕ್ಕನ ಮೇಜಿನ ಮೇಲೆ ಬರೆದಿಟ್ಟ ದೂರಿನ ಕಾಗದ ಕಾಣುತ್ತಿತ್ತು. ದಾಮ್ ಬಾಗಿಲಲ್ಲೇ ನಿಂತ, ಒಳಗೆ ಕರೆದರೂ ಬರಲಿಲ್ಲ. ಕಪ್ಪು ಪೆಟ್ಟಿಗೆಯನ್ನು ಮೇಜಿನ ಮೇಲೆ ಎತ್ತಿಡಲಾಗಿತ್ತು.

“ಸಂಗ್ವಾನ್ ಅಣ್ಣ, ಭಿಕ್ಷುಗಳು ಇಟ್ಟ ಬೊಟ್ಟು ಎಲ್ಲಿವೆ? ಸ್ವಲ್ಪ ತೋರಿಸಿ.”

ದೊಡ್ಡಪ್ಪ ಹತ್ತಿರ ಬಂದು, ಬಗ್ಗಿ, ತೋರುಬೆರಳು ಚಾಚಿದರು. “ಇಲ್ಲಿವೆಯಲ್ಲ. ಮೂರು.”

“ಅದರ ಪಕ್ಕದಲ್ಲಿರೋದು?”

“ಪಕ್ಕದಲ್ಲಿ ಏನಿದೆ? ಏನಿಲ್ಲ.”

ಕ್ರಿತ್ ಕೂಡ ಬಗ್ಗಿ ನೋಡಿದ. ಅವನ ಮುಖದ ನಗು ಇಳಿಯಿತು.

“ದೊಡ್ಡಪ್ಪ,” ಎಂದ ಮೆಲ್ಲಗೆ, “ಪಕ್ಕದಲ್ಲಿ ಇನ್ನೂ ಮೂರು ಗುರುತಿದೆಯಲ್ಲ. ಹಳದಿ ಹಳದಿಯಾಗಿ. ಕಾಣಲ್ವಾ?”

ದೊಡ್ಡಪ್ಪನ ಬೆರಳು ಅಲ್ಲೇ ನಿಂತುಬಿಟ್ಟಿತು.

ಮಾಮ ಕುರ್ಚಿ ಎಳೆದುಕೊಂಡು ಕೂತ. ಹೇಳುವ ಉತ್ಸಾಹವೇ ಇಲ್ಲದವನಂತೆ ಹೇಳತೊಡಗಿದ.

“ಎಲ್ರೂ ಈ ಪೆಟ್ಟಿಗೆಯ ಒಳಗೆ ನೋಡಿದ್ರಿ. ಹೊರಗಿನ ಬೊಟ್ಟನ್ನ ಯಾರೂ ನೋಡ್ಲಿಲ್ಲ. ಮಂತ್ರಿಸಿದ್ದನ್ನ ದಿಟ್ಟಿಸಿ ನೋಡೋದು ನಮ್ಮಲ್ಲಿ ಇಲ್ವಲ್ಲ, ಕೈಮುಗಿದು ಮುಂದೆ ಹೋಗ್ತೀವಿ. ಭಿಕ್ಷುಗಳು ಇಟ್ಟಿದ್ದು ಗಂಧ ಕಲಸಿದ ಮಣ್ಣು. ಅದರ ಕಲೆ ಹಳದಿ. ತಗಡು ಜಾರಿಸಿದಾಗ ಅದು ಉದುರಿ ಗುರುತು ಮಾತ್ರ ಉಳೀತು. ಈಗ ಬೆಳ್ಳಗೆ ಕಾಣ್ತಿರೋದು ಬೆವರುಸಾಲೆ ಪೌಡರು ನೀರಲ್ಲಿ ಕಲಸಿದ್ದು. ಕರ್ಪೂರದ ವಾಸನೆ ಹೊಡೆಯತ್ತೆ. ಯಾರೋ ಬಿಚ್ಚಿದ್ರು, ಬೊಟ್ಟು ಉದುರ್ತು, ಮತ್ತೆ ಇಟ್ರು.”

“ಅದನ್ನ ದಾಮ್ ಕೂಡ ಮಾಡಬಹುದಲ್ಲ?” ವಾನ್‌ಪೆನ್ ಅಕ್ಕ ಬಿಡಲಿಲ್ಲ.

“ಮಾಡಬಹುದು. ಆದ್ರೆ ದಾಮ್ ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕೋನು. ಕ್ರಿತ್ ಕ್ಯಾಮೆರಾ ಕಣ್ಣಿನೋನು. ನಿಮಗೆ ಗಿರಾಕಿ ಮುಖದ ಮೇಲಿನ ಸಾಸಿವೆಕಾಳಿನಂಥ ಕಲೆ ಕಾಣತ್ತೆ. ನಿಮ್ಮಲ್ಲಿ ಯಾರೇ ಇಟ್ಟಿದ್ರೂ ಹಳೇ ಗುರುತಿನ ಮೇಲೇ ಇಡ್ತಿದ್ರಿ. ಇಟ್ಟಿರೋದು ಒಂದು ಬೆರಳು ಆಚೆಗೆ, ಮೂರೂನೂ. ಗುರುತು ಕಾಣದೇ ಇರೋರು, ಅಂದಾಜಿನ ಮೇಲೆ ಇಟ್ಟಿದ್ದು.”

“ದೊಡ್ಡಪ್ಪನಿಗೆ ಇದನ್ನ ಬಿಚ್ಚೋಕೇ ಬರಲ್ಲ ಮಾಮ,” ಎಂದ ಕ್ರಿತ್.

“ಇಪ್ಪತ್ತು ವರ್ಷ ಕಗ್ಗತ್ತಲೇಲಿ ಫಿಲ್ಮು ಸುತ್ತಿದ ಬೆರಳಪ್ಪ ಅದು. ಪಟ್ಟಿಗೆ ಒಂದು ಕಡೆ ಕಚ್ಚು ಇದೆ, ಒಂದೇ ರೀತಿ ಕೂರತ್ತೆ, ಎರಡು ತುದಿ ಒತ್ತಿದ್ರೆ ಟಕ್ ಅನ್ನತ್ತೆ. ದಾಮ್ ಮಾಡಿದ್ದನ್ನ ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದಾರೆ. ಹಳೇ ಪಟ್ಟಿ ಅವರದೇ ಡ್ರಾಯರಲ್ಲಿತ್ತು. ಕೈ ಮಾಡೋ ಕೆಲಸದಲ್ಲಿ ಒಂದು ಗೀರೂ ಬಿದ್ದಿಲ್ಲ. ಕಣ್ಣು ಮಾಡಬೇಕಾದ ಕೆಲಸ ಮಾತ್ರ ತಪ್ಪಿದೆ.” ಮಾಮ ದೊಡ್ಡಪ್ಪನ ಕಡೆ ನೋಡಿದ. “ಸ್ವಸ್ವಲ್ಪಾನೇ ನಿಧಾನ ಆಯ್ತು ಅಂದ್ರಿ ಅಣ್ಣ. ಮೆಮೊರಿ ಹಾಗೆ ಹೋಗಲ್ಲ. ಹಾಗೆ ಹೋಗೋದು ಕಣ್ಣು.”

ಸಂಗ್ವಾನ್ ದೊಡ್ಡಪ್ಪ ಗೋಡೆ ತಡವಿಕೊಂಡು ಹಳೆಯ ಕತ್ತಲೆಕೋಣೆಗೆ ಹೋದರು. ನೆಗೆಟಿವ್ ತುಂಬಿದ ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಬೆಣ್ಣೆಕಾಗದದ ಲಕೋಟೆ, ಅದರಲ್ಲಿ ಎರಡು ಹೊಸ ಮೆಮೊರಿ ಪಟ್ಟಿ. ತೇವ ತಾಗದಂತೆ ಒಂದು ಪುಟ್ಟ ಚೀಲ ಉಪ್ಪು ಕೂಡ ಇಟ್ಟಿದ್ದರು.

“ಮೊದಲು ಒಂದು ಫೋಟೋ ತೆರೆಯೋಕೆ ಅದು ಏದುಸಿರು ಬಿಡ್ತಾ ಕೂರ್ತಿತ್ತು,” ಎಂದರು ಅವರು. ಮಾತು ಯಾರನ್ನೂ ಉದ್ದೇಶಿಸಿದ್ದಲ್ಲ. “ಅಷ್ಟು ಹೊತ್ತು ನಾನು ಕಣ್ಣು ಮುಚ್ಕೋತಿದ್ದೆ. ತೆರೆದಾಗ ಒಂದು ಗಳಿಗೆ ಚೆನ್ನಾಗಿ ಕಾಣ್ತಿತ್ತು, ಅಷ್ಟರಲ್ಲೇ ಕೆಲಸ ಮುಗಿಸ್ತಿದ್ದೆ. ಹೊಸದು ಬಂತು. ಬೆರಳು ಎತ್ತೋಕೆ ಮುಂಚೆ ಫೋಟೋ ಬಂದು ನಿಲ್ಲತ್ತೆ. ಒಂದಾದ ಮೇಲೊಂದು. ಮೂವತ್ತು. ಮೊದಲು ತಡ ಆದ್ರೆ ಕಂಪ್ಯೂಟರನ್ನ ಬೈತಿದ್ರಿ ವಾನ್‌ಪೆನ್. ಈಗ ಬೈಯೋಕೆ ಉಳಿದೋನು ನಾನೊಬ್ನೇ.”

“ಬೊಟ್ಟು ಯಾಕೆ ಇಟ್ರಿ?” ಮಾಮ ಕೇಳಿದ.

“ಉದುರಿದ್ದು ಬೆರಳಿಗೆ ಗೊತ್ತಾಯ್ತು. ಹಾಗೇ ಬಿಡೋಕೆ ಮನಸ್ಸಾಗ್ಲಿಲ್ಲ. ಈ ಮನೆ ಅನ್ನ ತಿಂದಿದೀನಿ.”

ವಾನ್‌ಪೆನ್ ಅಕ್ಕ ಕೂತುಬಿಟ್ಟಳು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಬೆನ್ನಿಗೇ ಮರುಕವೂ ಬಂದು, ಯಾವುದನ್ನು ಇಟ್ಟುಕೊಳ್ಳಲಿ ಎಂದು ತಿಳಿಯದೆ ಸುಮ್ಮನೆ ದಣಿದೆ. ಮಾಮ ಮಾತ್ರ ಬಿಡಲಿಲ್ಲ. ಅವನ ದನಿ ಮೊದಲ ಸಲ ಗಡುಸಾಯಿತು.

“ಮೆಮೊರಿ ಈ ಮನೆ ಹೊಸಿಲು ದಾಟಿಲ್ಲ ಅಣ್ಣ. ಅದನ್ನ ಕಳ್ಳತನ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಮಂಗಳವಾರದಿಂದ ಈ ಹುಡುಗನ ಮಾನ ಬೀದೀಲಿ ಹೋಗ್ತಿದೆ. ಅವನ ಎದುರಿಗೇ ಕೂತು ಗಂಜಿ ಕುಡಿದ್ರಲ್ಲ, ಅದಕ್ಕೆ ಏನನ್ನೋಣ? ಅದು ನೀವು ಮಾಡಿದ ಕಳ್ಳತನ.”

“ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ,” ಎಂದರು ದೊಡ್ಡಪ್ಪ.

ಆಮೇಲೆ ಅವರು ಬಾಗಿಲ ಕಡೆಗೆ ನಡೆದು ದಾಮ್‌ನ ಮುಂದೆ ನಿಂತು ಎರಡೂ ಕೈ ಜೋಡಿಸಿ ಹಣೆಯವರೆಗೆ ಎತ್ತಿದರು. ಅರವತ್ತಾರರ ಹಿರಿಯ ಇಪ್ಪತ್ತಾರರ ಹುಡುಗನಿಗೆ. ನಮ್ಮಲ್ಲಿ ಚಿಕ್ಕವರು ಮೊದಲು ಕೈ ಮುಗಿಯಬೇಕು. ಹಿರಿಯರು ಮುಗಿದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನ್ನ ಕೈಗಳು ತಾವಾಗಿ ಎದ್ದವು. ದಾಮ್‌ನ ಕೈ ಏಳಲಿಲ್ಲ.

“ಇಲ್ಲಿ ಬೇಡ ದೊಡ್ಡಪ್ಪ,” ಎಂದ ಅವನು. “ನನ್ನನ್ನ ಕಳ್ಳ ಅಂದಿದ್ದು ಅಂಗಡಿ ಮುಂದೆ, ಎಲ್ರೂ ಕೂತಿದ್ದಾಗ. ನಾಳೆ ಬೆಳಗ್ಗೆ ಅಲ್ಲಿಗೆ ಬನ್ನಿ. ಅಕ್ಕ, ನೀವೂ ಬರಬೇಕು.”

ವಾನ್‌ಪೆನ್ ಅಕ್ಕನ ಬಾಯಿಗೆ ಏನೋ ಬಂತು. ಮಾಮ ದೂರಿನ ಕಾಗದವನ್ನು ಎತ್ತಿ ಅವಳ ಕೈಗಿಟ್ಟ. ಅವಳು ಅದನ್ನು ಮಡಿಸಿ, ಮತ್ತೆ ಮಡಿಸಿ, ಹರಿದಳು.

ಶನಿವಾರ ಬೆಳಗ್ಗೆ ಎಂಟಕ್ಕೆ ಅಂಗಡಿ ತುಂಬಿತ್ತು. ಇಬ್ಬರೂ ಬಂದರು. ಕೂರಲಿಲ್ಲ. ಸಂಗ್ವಾನ್ ದೊಡ್ಡಪ್ಪ ಒಂದು ಕೈಯಿಂದ ಮೇಜಿನ ಅಂಚು ಹಿಡಿದು, ಹೊಸ ಮೆಮೊರಿ ತೆಗೆದವನು ತಾನು, ದಾಮ್ ಅಲ್ಲ, ತನಗೆ ಕಣ್ಣು ಕಾಣುತ್ತಿಲ್ಲ, ಅದನ್ನು ಹೇಳಲು ನಾಚಿಕೆಯಾಗಿ ಹೀಗೆ ಮಾಡಿದೆ ಎಂದು ಒಂದೇ ಉಸಿರಿಗೆ ಹೇಳಿದರು. ಮೂವತ್ತನಾಲ್ಕು ವರ್ಷ ಬೇರೆಯವರ ಮುಖದ ಕಲೆ ತೆಗೆದ ಮನುಷ್ಯ ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಂಡು ನಿಂತಿದ್ದರು. ನೋಡಲಾಗದೆ ನಾನು ಕಾಫಿ ಸೋಸುವ ಚೀಲ ಹಿಂಡಿದೆ.

“ನಾನು ವಿಚಾರಿಸ್ದೆ ಬಾಯಿಗೆ ಬಂದದ್ದು ಅಂದೆ,” ಎಂದಳು ವಾನ್‌ಪೆನ್ ಅಕ್ಕ. “ದಾಮ್ ಕದ್ದಿಲ್ಲ.” ಸ್ವಲ್ಪ ತಡೆದು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.

ಚಮಚಗಳು ಮತ್ತೆ ಸದ್ದು ಮಾಡತೊಡಗಿದವು. ಚರೂನ್ ಮಾಮ ತನ್ನ ಹಂದಿಮಾಂಸದ ತಟ್ಟೆಯಿಂದ ತಲೆಯನ್ನೇ ಎತ್ತಿರಲಿಲ್ಲ.

ದಾಮ್ ಸ್ಕ್ರೂಡ್ರೈವರ್ ತೆಗೆದುಕೊಂಡು ಓಣಿ ದಾಟಲು ಹೊರಟ. ಹೋಗಬೇಡ, ಅವಳು ಬೇರೆಯವನನ್ನು ಕರೆಸಿಕೊಳ್ಳಲಿ ಎಂದು ನಾನು ತಡೆದೆ. ಕೇಳಲಿಲ್ಲ. ಹದಿನೈದು ನಿಮಿಷಕ್ಕೆ ಮರಳಿದ.

“ಹದಿನಾರು ಬಂತು,” ಎಂದ. “ಇನ್ನು ದಿನಕ್ಕೆ ಹನ್ನೆರಡೇ ಫೋಟೋ ಅಂತೆ, ಮುಗಿದ ಮೇಲೆ ಕ್ರಿತ್ ಒಂದ್ಸಲ ನೋಡ್ತಾನಂತೆ. ಪರದೆ ಮೇಲಿನ ಬಾಣದ ಗುರುತು, ಅಕ್ಷರ ಎಲ್ಲ ದೊಡ್ಡದು ಮಾಡಿಕೊಟ್ಟೆ ದೊಡ್ಡಪ್ಪನಿಗೆ. ಸೋಮವಾರ ಕಣ್ಣಾಸ್ಪತ್ರೆಗೆ ಹೋಗ್ತಾರಂತೆ.”

ನಾನು ಅವನ ಮುಖವನ್ನೇ ನೋಡಿದೆ.

“ಕ್ಷಮಿಸಿದೆ ಅಂದ್ಕೋಬೇಡ ಅಕ್ಕ. ಕ್ಷಮಿಸಿಲ್ಲ. ಇನ್ನೂ ಆಗಿಲ್ಲ ನನಗೆ.”

ಆಗದಿದ್ದರೆ ಬೇಡ ಬಿಡು ಎಂದೆ. ಓಣಿಯ ತುದಿಯಿಂದ ಕಬ್ಬಿಣದ ಅಂಗಡಿಯವನು ತನ್ನ ಕಂಪ್ಯೂಟರನ್ನು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ ನಡೆದು ಬರುತ್ತಿದ್ದ. ದಾಮ್ ಮೇಜು ಒರೆಸಿ ಅದಕ್ಕೆ ಜಾಗ ಮಾಡಿದ.